ಅನುಬಿಯಾಸ್ ಅಂಚಿಗೆ ಕರಿ ಕುಚ್ಚು, ಗಾಜಿಗೆ ಹಸಿರು ಚುಕ್ಕೆ, ಡ್ರಾಪ್ ಚೆಕರ್ ಮಾತ್ರ ಹಸಿರಾಗುತ್ತಿಲ್ಲ

ವಾಕಡ್_ಎರಡಡಿ

ನಮಸ್ಕಾರ್ರೀ, ಪುಣೆಯ ವಾಕಡ್‌ನಿಂದ. ನೀರೊಳಗೆ ಗಿಡ ಬೆಳೆಸುವ ಮೀನಿನ ಟ್ಯಾಂಕ್, ಏಳು ತಿಂಗಳಾಯಿತು. ದಸರಾವರೆಗೂ ಗಾಜು ಫಳಫಳ ಅಂತಿತ್ತು. ಈಗ ಡಿಸೆಂಬರ್ ಎರಡನೇ ವಾರ. ಅನುಬಿಯಾಸ್ ಎಲೆಯ ಅಂಚು, ಫಿಲ್ಟರಿನ ನೀರು ಹೊರಬೀಳುವ ಪೈಪಿನ ಬಾಯಿ, ಮರದ ತುಂಡಿನ ಮೇಲ್ಭಾಗ, ಮೂರೂ ಕಡೆ ಕಪ್ಪು ಕುಚ್ಚು ಕುಚ್ಚಾಗಿ ಪಾಚಿ. ಎಳೆದರೆ ಪಾಚಿ ಬರುವುದಿಲ್ಲ, ಎಲೆಯೇ ಹರಿದು ಬರುತ್ತದೆ. ಕಿಟಕಿ ಕಡೆಯ ಗಾಜಿನ ಮೇಲೆ ಬೇರೆ ಥರ: ಸಾಸಿವೆಗಿಂತ ಚಿಕ್ಕ, ಗಟ್ಟಿ ಹಸಿರು ಚುಕ್ಕೆಗಳು. ಸ್ಪಂಜಿಗೆ ಜಗ್ಗುವುದಿಲ್ಲ.

ಟ್ಯಾಂಕ್: 60 x 30 x 36 ಸೆಂ.ಮೀ. ಮಣ್ಣು, ಕಲ್ಲು ಕಳೆದು ನೀರು ಸುಮಾರು 50 ಲೀಟರ್. ದಕ್ಷಿಣದ ಕಿಟಕಿಯಿಂದ 2 ಅಡಿ ದೂರ.
ಗಿಡ: ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೋಕೊರೈನ್, ಹಿಂದೆ ವ್ಯಾಲಿಸ್ನೇರಿಯಾ, ಮರಕ್ಕೆ ಕಟ್ಟಿದ ಜಾವಾ ಮಾಸ್.
ಜೀವ: 15 ಕಾರ್ಡಿನಲ್ ಟೆಟ್ರಾ, 6 ಚೆರ‍್ರಿ ಸೀಗಡಿ.
ಲೈಟ್: 30 ವ್ಯಾಟ್ ಎಲ್‌ಇಡಿ, ಮಧ್ಯಾಹ್ನ 1ರಿಂದ ರಾತ್ರಿ 9.
ಸಿಓ2 (ಗಿಡಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್): ಸಿಲಿಂಡರ್, ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್, ಮಧ್ಯಾಹ್ನ 12ರಿಂದ ರಾತ್ರಿ 8. ಮೊದಲು ಸೆಕೆಂಡಿಗೆ 1 ಗುಳ್ಳೆ ಇತ್ತು, ಈಗ 3.
ಫಿಲ್ಟರ್: ಕ್ಯಾನಿಸ್ಟರ್, ಗಂಟೆಗೆ 600 ಲೀಟರ್.
ನೀರು: ಸೊಸೈಟಿಯ ಬೋರ್ ಮತ್ತು ಟ್ಯಾಂಕರ್ ಮಿಶ್ರಣ. ಕೆಹೆಚ್ (ನೀರಿನ ಕಾರ್ಬೊನೇಟ್ ಗಡಸುತನ) 12. ನೈಟ್ರೇಟ್ 5, ಫಾಸ್ಫೇಟ್ 0.
ಗೊಬ್ಬರ: ಮೊದಲು ದಿನ ಬಿಟ್ಟು ದಿನ ಲಿಕ್ವಿಡ್. ಪಾಚಿ ಬಂದ ಮೇಲೆ ಪೂರ್ತಿ ನಿಲ್ಲಿಸಿದ್ದೇನೆ.

ಡ್ರಾಪ್ ಚೆಕರಿಗೆ (ಸಿಓ2 ಸಾಕೇ ಎಂದು ಬಣ್ಣದಲ್ಲಿ ತೋರಿಸಲು ಟ್ಯಾಂಕಿನೊಳಗೆ ಅಂಟಿಸುವ ಗಾಜಿನ ಬುಡ್ಡಿ) ಟ್ಯಾಂಕ್ ನೀರು 5 ಮಿಲಿ, ರೀಜೆಂಟ್ 3 ಹನಿ; ಡಬ್ಬಿಯ ಮೇಲಿನ ಚಿತ್ರದಲ್ಲಿ ಹಾಗೇ ತೋರಿಸಿದ್ದಾರೆ. ಅದು ನೀಲಿ ಬಿಟ್ಟರೆ ನೀಲಿ ಮಿಶ್ರಿತ ಹಸಿರು, ಅದರಾಚೆ ಹೋಗುವುದೇ ಇಲ್ಲ. ಹಸಿರು ಬರಲಿ ಎಂದು ಗುಳ್ಳೆ ಏರಿಸುತ್ತಾ ಬಂದೆ. ರಾತ್ರಿ 9ರ ಮೇಲೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಆಡಿಸುತ್ತವೆ. ಆಗ ಒಂದೆರಡು ದಿನ ಸಿಓ2 ಬಂದ್ ಮಾಡಿ ಮತ್ತೆ ಬಿಡುತ್ತೇನೆ.

ಮೂರು ದಿನ ಟ್ಯಾಂಕಿಗೆ ಕಂಬಳಿ ಹೊದಿಸಿ ಕತ್ತಲೆಯಲ್ಲೂ ಇಟ್ಟಾಯಿತು. ವ್ಯಾಲಿಸ್ನೇರಿಯಾ ಬಿಳಚಿತು, ಕಪ್ಪು ಕುಚ್ಚಿಗೆ ಏನೂ ಆಗಲಿಲ್ಲ. ಅಂಗಡಿಯವರು ಒಂದು ಬಾಟಲಿ ಗ್ಲುಟರಾಲ್ಡಿಹೈಡ್ ಹಾಕಿ ಅಂತಾರೆ, ಇಲ್ಲಾ ಎರಡು "ಆಲ್ಗೀ ಈಟರ್" ಒಯ್ಯಿರಿ ಅಂತಾರೆ. ಯಾವುದು ಸರಿ?

ಮುಲುಂಡ್_ಮತ್ಸ್ಯ

ಮಾರಾಯ್ರೇ, ಎರಡೂ ಬೇಡ. ಮೊದಲು ಇವತ್ತು ರಾತ್ರಿಯೇ ಗುಳ್ಳೆಯನ್ನು ಸೆಕೆಂಡಿಗೆ 1ಕ್ಕೆ ಇಳಿಸಿ. ಮೀನು ಒಂದು ಹೇಳಿ ಡ್ರಾಪ್ ಚೆಕರ್ ಇನ್ನೊಂದು ಹೇಳಿದರೆ ಮೀನನ್ನೇ ನಂಬಬೇಕು.

ನಿಮ್ಮ ತಾಪತ್ರಯದ ಬೇರು ಆ ಗಾಜಿನ ಬುಡ್ಡಿಯೊಳಗಿನ ನೀರು. ಡ್ರಾಪ್ ಚೆಕರ್ ಸಿಓ2 ಅಳೆಯುವುದಿಲ್ಲ, ಒಳಗಿರುವ ನೀರಿನ ಪಿಹೆಚ್ ತೋರಿಸುತ್ತದೆ, ಅಷ್ಟೇ. ರೀಜೆಂಟ್ ಎಂದರೆ ಬ್ರೋಮೋಥೈಮಾಲ್ ಬ್ಲೂ: ಪಿಹೆಚ್ 6ರ ಹತ್ತಿರ ಹಳದಿ, 7.6ರ ಹತ್ತಿರ ನೀಲಿ, 6.6ರ ಆಸುಪಾಸು ಒಳ್ಳೇ ಹಸಿರು. ಹಸಿರೆಂದರೆ 30 ಪಿಪಿಎಂ (ಲೀಟರಿಗೆ 30 ಮಿಲಿಗ್ರಾಂ ಸಿಓ2) ಎಂಬ ಲೆಕ್ಕ ಹೊಂದುವುದು ಬುಡ್ಡಿಯೊಳಗಿನ ನೀರಿನ ಕೆಹೆಚ್ 4 ಇದ್ದರೆ ಮಾತ್ರ.

ಸೂತ್ರ ಇದು: ಸಿಓ2 ಪಿಪಿಎಂ = 3 x ಕೆಹೆಚ್ x 10ರ ಘಾತ (7 − ಪಿಹೆಚ್). ಕೆಹೆಚ್ 4, ಪಿಹೆಚ್ 6.6 ಹಾಕಿ ನೋಡಿ, 30 ಬರುತ್ತದೆ. ನಿಮ್ಮ ಕೆಹೆಚ್ 12 ಹಾಕಿದರೆ ಅದೇ ಹಸಿರಿಗೆ 90! ಅಂದರೆ ಬುಡ್ಡಿ ಹಸಿರಾಗುವಷ್ಟರಲ್ಲಿ ಕಾರ್ಡಿನಲ್‌ಗಳು ತೇಲುತ್ತಿರುತ್ತವೆ. ನೀವು ನೋಡುತ್ತಿರುವ ನೀಲಿ ಮಿಶ್ರಿತ ಹಸಿರು ಪಿಹೆಚ್ 6.9 ಇದ್ದರೂ ಆಗಲೇ 45 ಪಿಪಿಎಂ. ಇಲ್ಲಿ ಮುಂಬೈಯಲ್ಲಿ ಭಾತ್ಸಾ, ತಾನ್ಸಾ, ವೈತರಣಾ ಕೆರೆಗಳ ಮೆದು ನೀರು ಬರುವುದರಿಂದ ಇದೇ ತಪ್ಪು ಮಾಡಿದರೂ ಮೀನು ಸಾಯುವುದಿಲ್ಲ. ಬುಡ್ಡಿ ಬೇಗ ಹಸಿರಾಗಿ ಗಿಡಕ್ಕೆ ಗ್ಯಾಸ್ ಸಾಲದೆ ಹೋಗುತ್ತದೆ. ನಿಮ್ಮ ಬೋರಿನ ಗಡಸು ನೀರಿನಲ್ಲಿ ತಪ್ಪು ತಿರುಗಿ ಮೀನಿನ ಮೇಲೆ ಬೀಳುತ್ತಿದೆ.

ಕೆಹೆಚ್ 4ರ ದ್ರಾವಣ ಮನೆಯಲ್ಲೇ ಆಗುತ್ತದೆ. 1 ಲೀಟರ್ ಡಿಸ್ಟಿಲ್ಡ್ ವಾಟರಿಗೆ (ಬ್ಯಾಟರಿಗೆ ಹಾಕುವ ನೀರು ನಡೆಯುತ್ತದೆ) 1.2 ಗ್ರಾಂ ಅಡುಗೆ ಸೋಡಾ. ಇದು ಕೆಹೆಚ್ 40. ಇದರಲ್ಲಿ 100 ಮಿಲಿ ತೆಗೆದು ಇನ್ನೂ 900 ಮಿಲಿ ಡಿಸ್ಟಿಲ್ಡ್ ವಾಟರಿಗೆ ಬೆರೆಸಿದರೆ ಕೆಹೆಚ್ 4. ನೇರವಾಗಿ 0.12 ಗ್ರಾಂ ತೂಗಲು ಹೋಗಬೇಡಿ, ಚಿನ್ನ ತೂಗುವ ಪುಟ್ಟ ತಕ್ಕಡಿಯಲ್ಲೂ ಅಷ್ಟಕ್ಕೆ ಹತ್ತು ಪರ್ಸೆಂಟ್ ಆಚೀಚೆ ಆಗುತ್ತದೆ. ಅಡುಗೆ ಸೋಡಾ ಬೇಕು, ಬೇಕಿಂಗ್ ಪೌಡರ್ ಅಲ್ಲ. ಅದರಲ್ಲಿ ಹುಳಿ ಉಪ್ಪೂ ಪಿಷ್ಟವೂ ಸೇರಿರುತ್ತವೆ. 5 ಮಿಲಿಗೆ 3 ಹನಿ ರೀಜೆಂಟ್. ಬುಡ್ಡಿಯನ್ನು ಡಿಫ್ಯೂಸರ್ (ಸಿಓ2 ಅನ್ನು ಸಣ್ಣ ಗುಳ್ಳೆಯಾಗಿ ನೀರಿಗೆ ಬಿಡುವ ಸಾಧನ) ಇರುವ ಕಡೆ ಅಂಟಿಸಬೇಡಿ, ಎದುರು ಮೂಲೆಯಲ್ಲಿಡಿ. ಬಣ್ಣ ಎರಡು ಗಂಟೆ ಹಿಂದಿನ ಸುದ್ದಿ ಹೇಳುತ್ತದೆ ಎಂಬುದೂ ನೆನಪಿರಲಿ.

ಇನ್ನು ಪಾಚಿ. ಕಪ್ಪು ಕುಚ್ಚು ಬ್ಲ್ಯಾಕ್ ಬಿಯರ್ಡ್. ಸಂಶಯವಿದ್ದರೆ ಒಂದು ಕುಚ್ಚು ಕತ್ತರಿಸಿ ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್‌ನಲ್ಲಿ ನೆನೆಹಾಕಿ. ಹಸಿರು ಬಣ್ಣ ಸ್ಪಿರಿಟ್‌ಗೆ ಬಿಟ್ಟುಕೊಂಡು ಕುಚ್ಚು ಕೆಂಪಗೆ ಉಳಿಯುತ್ತದೆ. ಇದು ಕೆಂಪು ಪಾಚಿಯ ಜಾತಿ, ನೋಡಲು ಮಾತ್ರ ಕಪ್ಪು. ಸಿಓ2 ಒಂದು ದಿನ 50, ಮರುದಿನ 5 ಎಂದು ಏರಿಳಿದರೆ ಇದಕ್ಕೆ ಹಬ್ಬ. ಗಿಡ ಆ ಏರಿಳಿತಕ್ಕೆ ಹೊಂದಿಕೊಳ್ಳಲಾರದೆ ನಿಂತುಬಿಡುತ್ತದೆ, ನಿಧಾನ ಬೆಳೆಯುವ ಅನುಬಿಯಾಸ್‌ನ ಹಳೇ ಎಲೆ ಮೊದಲು ಪಾಚಿಯ ಪಾಲಾಗುತ್ತದೆ. ನೀವು ಬಂದ್ ಮಾಡಿ, ಬಿಟ್ಟು, ಏರಿಸಿ ಮಾಡಿದ್ದು ಅದನ್ನೇ. ಕಂಬಳಿ ಹೊದಿಸುವ ಉಪಾಯ ನೀರು ಹಸಿರಾದಾಗ, ಇಲ್ಲವೇ ಹಾಳೆಯಂತೆ ಏಳುವ ಕಮಟು ವಾಸನೆಯ ನೀಲಿ-ಹಸಿರು ಲೋಳೆಗೆ ಸರಿ. ಬಿಯರ್ಡ್‌ಗೆ ಮೂರು ದಿನ ಕತ್ತಲೆ ಏನೂ ಅಲ್ಲ.

ನಿಮ್ಮ ನೀರಿನ ಪಿಹೆಚ್ ಅನ್ನು ಮೂರು ಹೊತ್ತು ಅಳೆದು ಇಲ್ಲಿ ಹಾಕಿ: ಲೈಟ್ ಹತ್ತಿದಾಗ, ಸಂಜೆ 5ಕ್ಕೆ, ಮೀನು ಮೇಲೆ ಬರುವ ಹೊತ್ತಿಗೆ. ಕೆಹೆಚ್ 12ಕ್ಕೆ 20ರಿಂದ 30 ಪಿಪಿಎಂ ಎಂದರೆ ಪಿಹೆಚ್ 7.25ರಿಂದ 7.1.

ಫೋಂಡಾ_ತೋಟ

ಕಾರಣ ಮುಲುಂಡ್ ಅವರು ಹೇಳಿದ್ದಾರೆ. ಈಗಾಗಲೇ ಇರುವ ಕುಚ್ಚು ಮಾತ್ರ ಕಾರಣ ಸರಿಹೋದ ಮಾತ್ರಕ್ಕೆ ಬೀಳುವುದಿಲ್ಲ, ಕೊಲ್ಲಲೇಬೇಕು. ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸಾಕು.

ಅಂತರ್ಜಾಲದ ಲೆಕ್ಕಗಳೆಲ್ಲ 3 ಪರ್ಸೆಂಟಿನವು. ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವ ಬಾಟಲಿಯ ಮೇಲೆ "20 ವಾಲ್ಯೂಮ್" ಎಂದಿರುತ್ತದೆ, ಅಂದರೆ ಸುಮಾರು 6 ಪರ್ಸೆಂಟ್. ಹಾಗೇ ಸುರಿದರೆ ಎರಡು ಪಟ್ಟು ಬಿದ್ದಂತೆ. ಬೇಕಾದಷ್ಟನ್ನೇ ತೆಗೆದು ಸಮ ಪ್ರಮಾಣ ಡಿಸ್ಟಿಲ್ಡ್ ವಾಟರ್ ಬೆರೆಸಿ. ಬೆರೆಸಿದ್ದನ್ನು ಎತ್ತಿಡಬೇಡಿ, ಸತ್ವ ಇಳಿಯುತ್ತದೆ. ಬಾಟಲಿ ಹಳೆಯದಾಗಿದ್ದರೆ ಹೆಚ್ಚಿದ ಆಲೂಗಡ್ಡೆಯ ಮೇಲೆ ಒಂದು ಹನಿ ಬಿಡಿ, ನೊರೆ ಉಕ್ಕಿದರೆ ಜೀವ ಇದೆ.

ಹೊರಗೆ ತೆಗೆಯಬಹುದಾದ್ದನ್ನು ಹೊರಗೇ ಮುಗಿಸಿ. ಪೈಪಿನ ಬಾಯಿ, ಡಿಫ್ಯೂಸರ್: 3 ಪರ್ಸೆಂಟಿನಲ್ಲಿ ಅರ್ಧ ಗಂಟೆ ಮುಳುಗಿಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ. ಅನುಬಿಯಾಸ್ ಕಲ್ಲಿಗೋ ಮರಕ್ಕೋ ಕಟ್ಟಿದ್ದಾದರೆ ಎತ್ತಿ ತೆಗೆದು ಎಲೆಗಳಿಗೆ ಮಾತ್ರ ಬ್ರಷ್‌ನಿಂದ ಹಚ್ಚಿ, 2-3 ನಿಮಿಷ ಬಿಟ್ಟು ತೊಳೆಯಿರಿ. ಬೇರಿಗೂ ಗೆಡ್ಡೆಯಂಥ ದಪ್ಪ ಕಾಂಡಕ್ಕೂ ತಾಗದಿರಲಿ. ಅರ್ಧಕ್ಕಿಂತ ಹೆಚ್ಚು ಕರಿಗಟ್ಟಿದ ಎಲೆಯನ್ನು ಉಳಿಸಲು ಹೋಗಬೇಡಿ, ಬುಡಕ್ಕೇ ಕತ್ತರಿಸಿ.

ಮರ ತೆಗೆಯಲು ಬರದಿದ್ದರೆ ಒಳಗೇ ಮಾಡಿ. ಫಿಲ್ಟರ್ ಬಂದ್. ನೀರು ನಿಂತ ಮೇಲೆ 5 ಮಿಲಿ ಸಿರಿಂಜ್ ಹಿಡಿದು ಕುಚ್ಚಿನಿಂದ ಒಂದು ಬೆರಳಗಲ ದೂರದಲ್ಲಿ, ಉಗುಳಿದಂತೆ ಅಲ್ಲ, ಜಿನುಗಿಸಿದಂತೆ ಬಿಡಿ. ಕುಚ್ಚಿನ ಎಳೆ ಎಳೆಗೂ ಸಣ್ಣ ಗುಳ್ಳೆ ಕಟ್ಟುವುದು ಕಾಣುತ್ತದೆ. 10 ನಿಮಿಷ ಬಿಟ್ಟು ಫಿಲ್ಟರ್ ಚಾಲೂ. 50 ಲೀಟರಿಗೆ ಒಂದು ಸಲಕ್ಕೆ 3 ಪರ್ಸೆಂಟಿನದು 25 ಮಿಲಿ ಮೀರಬಾರದು, ಸೀಗಡಿ ಇರುವುದರಿಂದ ನಾನಾದರೆ 20ಕ್ಕೇ ನಿಲ್ಲಿಸುವೆ. ಎರಡು ದಿನ ಬಿಟ್ಟು ಇನ್ನೊಂದು ಜಾಗ. ಜಾವಾ ಮಾಸ್‌ಗೆ ತಾಗಿದರೆ ಅದೂ ಸುಡುತ್ತದೆ, ಸಿರಿಂಜಿನ ತುದಿ ಅತ್ತ ತಿರುಗದಂತೆ ನೋಡಿಕೊಳ್ಳಿ.

2-3 ದಿನದಲ್ಲಿ ಕುಚ್ಚು ಗುಲಾಬಿಗೆ ತಿರುಗಿದರೆ ಸತ್ತಿತು ಎಂದರ್ಥ. ಆಮೇಲೆ ಬಿಳಿ, ಆಮೇಲೆ ಸೀಗಡಿ ತಿನ್ನುತ್ತವೆ. ಬಣ್ಣ ಬದಲಾಗದೆ ಕಪ್ಪಾಗೇ ಉಳಿದರೆ ಬಾಟಲಿ ಸತ್ವ ಕಳೆದುಕೊಂಡಿದೆ, ಇಲ್ಲವೇ ಫಿಲ್ಟರ್ ನಿಲ್ಲಿಸುವುದು ಮರೆತಿದ್ದೀರಿ.

ಗ್ಲುಟರಾಲ್ಡಿಹೈಡ್ ನಿಮ್ಮ ಟ್ಯಾಂಕಿಗೆ ಆಗುವುದಿಲ್ಲ, ವ್ಯಾಲಿಸ್ನೇರಿಯಾ ಇದೆಯಲ್ಲ. ಅದಕ್ಕೂ ಮಾಸ್‌ಗೂ ಈ ದ್ರವ ಹಿಡಿಸದು, ಎಲೆ ಕರಗಿ ಲೋಳೆಯಾಗುತ್ತದೆ. ಆ ಕೊಳೆತ ಎಲೆಯ ಅಮೋನಿಯಾ ಮತ್ತೊಂದು ಪಾಚಿಗೆ ಊಟ. ಅಂಗಡಿಯಲ್ಲಿ ಬಿಡಿಯಾಗಿ ಮಾರುವುದು ಎಷ್ಟೋ ಸಲ ಆಸ್ಪತ್ರೆಯ ಉಪಕರಣ ತೊಳೆಯುವ 2 ಪರ್ಸೆಂಟ್ ದ್ರವ. ಜೊತೆಗೆ ಬರುವ ಆಕ್ಟಿವೇಟರ್ ಪುಡಿ ಬೆರೆಸಿದ್ದರಂತೂ ಮುಟ್ಟಲೇಬೇಡಿ. ಅದರ ಆವಿ ಕಣ್ಣು, ಮೂಗು ಉರಿಸುತ್ತದೆ, ಮಕ್ಕಳಿರುವ ಮನೆಯಲ್ಲಿ ಇಡುವ ವಸ್ತುವಲ್ಲ.

ವಾಕಡ್_ಎರಡಡಿ

ಇಬ್ಬರಿಗೂ ಥ್ಯಾಂಕ್ಸ್ ರೀ. ಗುಳ್ಳೆ ಇಳಿಸುವ ಮೊದಲೇ, ನಿನ್ನೆ ಅಳೆದ ಪಿಹೆಚ್ ಇದು. ಲೈಟ್ ಹತ್ತಿದ ಮಧ್ಯಾಹ್ನ 1ಕ್ಕೆ 7.8, ಸಂಜೆ 5ಕ್ಕೆ 7.0, ರಾತ್ರಿ 9.30ಕ್ಕೆ 6.8. ಕೆಹೆಚ್ 4ರ ದ್ರಾವಣ ಮಾಡಿ ಬುಡ್ಡಿಗೆ ತುಂಬಿದೆ. ಮಧ್ಯಾಹ್ನ ನೀಲಿ, ರಾತ್ರಿ ನಿಂಬೆ ಹಳದಿ!

ಒಂದು ಅರ್ಥವಾಗಲಿಲ್ಲ. ಸಿಓ2 12ಕ್ಕೇ ಶುರುವಾಗುತ್ತದೆ, 1ಕ್ಕೆ ಪಿಹೆಚ್ ಇನ್ನೂ 7.8 ಯಾಕೆ? ರಾತ್ರಿ 8ಕ್ಕೆ ಬಂದ್ ಆಗಿ ಒಂದೂವರೆ ತಾಸಾದರೂ 6.8ರಲ್ಲೇ ಯಾಕಿದೆ?

ಗೊಬ್ಬರ ಬಂದ್ ಮಾಡಿದ್ದು ಸರಿಯೋ ತಪ್ಪೋ ಅದನ್ನೂ ಹೇಳಿ.

ಕಲ್ಯಾಣ್_ಕರೆಂಟ್

7.8 ಎಂದರೆ 6 ಪಿಪಿಎಂ. ಒಂದು ತಾಸು ಗ್ಯಾಸ್ ಹೋದ ನೀರಿನ ಲಕ್ಷಣ ಇದಲ್ಲ, ಶುರುವೇ ಆಗಿಲ್ಲ. 6.8 ಎಂದರೆ 57, ಆಗಿನ್ನೂ ಗ್ಯಾಸ್ ಹೋಗುತ್ತಲೇ ಇದೆ.

ಎರಡು ಟೈಮರ್ ಇವೆಯಲ್ಲ, ಗಿರಗಿಟ್ಟಲೆ ತಿರುಗುವ ಮೆಕ್ಯಾನಿಕಲ್ ನಮೂನೆಯವೇ? ಲೈಟಿನದು ಇನ್ವರ್ಟರ್ ಲೈನಿನ ಸಾಕೆಟ್ಟಿಗೂ ಸಿಓ2ದು ಸಾದಾ ಸಾಕೆಟ್ಟಿಗೂ ಇದೆಯೇ ನೋಡಿ. ನಿಮ್ಮಲ್ಲಿ ಗುರುವಾರ ರಿಪೇರಿಗೆಂದು ಕರೆಂಟ್ ತೆಗೆಯುತ್ತಾರೆ. ಮೆಕ್ಯಾನಿಕಲ್ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತೇ ಇರುತ್ತದೆ, ಬಂದ ಮೇಲೆ ನಿಂತಲ್ಲಿಂದ ತಿರುಗುತ್ತದೆ. ಎರಡು ಗುರುವಾರಕ್ಕೆ ಮೂರು ತಾಸು ಹಿಂದೆ ಬೀಳುವುದು ದೊಡ್ಡ ಮಾತಲ್ಲ. ಇನ್ವರ್ಟರ್ ಮೇಲಿನದು ಹಿಂದೆ ಬೀಳುವುದೇ ಇಲ್ಲ.

ವಾಕಡ್_ಎರಡಡಿ

ಹೌದ್ರೀ, ಹಾಗೇ ಇದೆ. ಸಿಓ2 ಟೈಮರಿನ ಮುಳ್ಳು ಗಡಿಯಾರಕ್ಕಿಂತ 2 ತಾಸು 45 ನಿಮಿಷ ಹಿಂದಿದೆ. ಅಂದರೆ ಪೌಣೆ ಮೂರಕ್ಕೆ ಶುರುವಾಗಿ ರಾತ್ರಿ ಪೌಣೆ ಹನ್ನೊಂದರವರೆಗೆ ಹೋಗುತ್ತಿತ್ತು.

ಮುಲುಂಡ್_ಮತ್ಸ್ಯ

ಶಹಬ್ಬಾಸ್ ಕಲ್ಯಾಣ್. ಇದು ನನಗೆ ಹೊಳೆದಿರಲಿಲ್ಲ.

ಈಗ ಲೆಕ್ಕ ಪೂರ್ತಿ ಕೂಡಿತು. ಮಧ್ಯಾಹ್ನ ಎರಡು ತಾಸು ಜೋರು ಬೆಳಕು, ಗ್ಯಾಸ್ ಇಲ್ಲ. ರಾತ್ರಿ 9ರ ನಂತರ ಗ್ಯಾಸ್ ಇದೆ, ಬೆಳಕಿಲ್ಲ. ಕತ್ತಲೆಯಲ್ಲಿ ಗಿಡವೂ ಮೀನಿನಂತೆ ಆಮ್ಲಜನಕ ಎಳೆದು ಸಿಓ2 ಬಿಡುತ್ತದೆ, ಅದರ ಮೇಲೆ ಸಿಲಿಂಡರಿನದೂ ಬಿದ್ದರೆ ಮೀನು ಮೇಲೆ ಬರದೆ ಇನ್ನೇನು ಮಾಡೀತು?

ಎರಡೂ ಟೈಮರ್ ಒಂದೇ ಲೈನಿಗೆ ಹಾಕಿ, ಸಾಧ್ಯವಾದರೆ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ. ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿಗಳ ಸಾಲೇ ಇದೆ. ಸಿಓ2 ಲೈಟಿಗಿಂತ 2 ತಾಸು ಮೊದಲು ಶುರು, 1 ತಾಸು ಮೊದಲು ಬಂದ್. ಗುಳ್ಳೆ ಎಷ್ಟು ಎಂಬ ಎಣಿಕೆಗೆ ಅಂಟಿಕೊಳ್ಳಬೇಡಿ, ಒಬ್ಬೊಬ್ಬರ ಕೌಂಟರಿನ ಗುಳ್ಳೆ ಒಂದೊಂದು ಗಾತ್ರ. ಲೈಟ್ ಹತ್ತುವ ಹೊತ್ತಿಗೆ ಪಿಹೆಚ್ 7.2, ಸಂಜೆಯವರೆಗೂ 7.1ಕ್ಕಿಂತ ಕೆಳಗಿಳಿಯಬಾರದು. ವಾಲ್ವ್ ಮುಟ್ಟಿದ ಮೇಲೆ ಒಂದು ದಿನ ಕಾಯಿರಿ, ಮನೆಯಲ್ಲಿ ಯಾರಾದರೂ ಎಚ್ಚರ ಇರುವ ದಿನವೇ ಮುಟ್ಟಿ.

ಕಿಟಕಿ ವಿಷಯ. ಪುಣೆ ಇರುವುದು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನಿನಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ, ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ. ಡಿಸೆಂಬರಿನಲ್ಲಿ 48 ಡಿಗ್ರಿ ಎತ್ತರಕ್ಕೆ ಇಳಿದು ದಕ್ಷಿಣದಿಂದ ಓರೆಯಾಗಿ ಒಳಗೆ ಬರುತ್ತಾನೆ. ಕಿಟಕಿಯಿಂದ 2 ಅಡಿ ದೂರದ ಟ್ಯಾಂಕಿಗೆ ಅಕ್ಟೋಬರ್ ಕೊನೆಯಿಂದ ಬಿಸಿಲು ತಾಗಲು ಶುರುವಾಗುತ್ತದೆ. ದಸರಾವರೆಗೆ ಚೆನ್ನಾಗಿತ್ತು ಎಂದಿರಲ್ಲ, ಇದೇ ಕಾರಣ. ನೀವು ಎಣಿಸಿದ್ದು 8 ತಾಸಿನ ಬೆಳಕು, ಟ್ಯಾಂಕಿಗೆ ಸಿಕ್ಕಿದ್ದು ಹನ್ನೊಂದೋ ಹನ್ನೆರಡೋ. ಆ ಬದಿಯ ಗಾಜಿಗೆ ಹೊರಗಿನಿಂದ ಕಪ್ಪು ಚಾರ್ಟ್ ಪೇಪರ್ ಅಂಟಿಸಿ. ಲೈಟ್ ಸದ್ಯಕ್ಕೆ 6 ತಾಸು. ಮಬ್ಬು ಮಾಡುವ ಸೌಲಭ್ಯವಿದ್ದರೆ 60 ಪರ್ಸೆಂಟ್, ಇಲ್ಲದಿದ್ದರೆ 10 ಸೆಂ.ಮೀ. ಮೇಲಕ್ಕೆ ತೂಗುಹಾಕಿ. ಹೊಸ ಎಲೆ ಒಂದು ತಿಂಗಳು ಚೊಕ್ಕವಾಗಿ ಬಂದರೆ ಆಮೇಲೆ ವಾರಕ್ಕೆ ಅರ್ಧ ತಾಸಿನಂತೆ ಏರಿಸಿ.

ಕೋಥ್ರೂಡ್_ಗೊಬ್ಬರ

ಗೊಬ್ಬರದ ಪ್ರಶ್ನೆ ಹಾಗೇ ಉಳಿದಿದೆ. ನಿಲ್ಲಿಸಿದ್ದು ತಪ್ಪು. ಗಾಜಿನ ಮೇಲಿನ ಗಟ್ಟಿ ಹಸಿರು ಚುಕ್ಕೆ ಬರುವುದೇ ಬೆಳಕು ಹೆಚ್ಚಾಗಿ ಫಾಸ್ಫೇಟ್ ಇಲ್ಲದಿದ್ದಾಗ. ನಿಮ್ಮದು ಸೊನ್ನೆ! ಗಿಡಕ್ಕೆ ಹಸಿವು, ಪಾಚಿಗೆ ಬೇಕಾಗುವುದು ಚೂರೇ ಚೂರು. ಗಿಡವನ್ನು ಉಪವಾಸ ಕೆಡವಿ ಪಾಚಿಯನ್ನು ಸಾಯಿಸಲು ಹೊರಟರೆ ಮೊದಲು ಸಾಯುವುದು ಗಿಡ.

ದುಬಾರಿ ಬಾಟಲಿ ಬೇಡ. ಯಾವುದೇ ಕೃಷಿ ಸೇವಾ ಕೇಂದ್ರದಲ್ಲಿ ಡ್ರಿಪ್‌ಗೆ ಬಿಡುವ ನೀರಿನಲ್ಲಿ ಕರಗುವ ಗೊಬ್ಬರ 1 ಕಿಲೋ ಪ್ಯಾಕಿನಲ್ಲಿ ಸಿಗುತ್ತದೆ. ದ್ರಾಕ್ಷಿ, ದಾಳಿಂಬೆ ಬೆಳೆಯುವವರು ಒಯ್ಯುವುದು ಇದನ್ನೇ. ನಿಮಗೆ ಬೇಕಾದ್ದು ಎರಡು.

13-0-45: ಪೊಟ್ಯಾಸಿಯಂ ನೈಟ್ರೇಟ್. 25 ಗ್ರಾಂ, 250 ಮಿಲಿ ಡಿಸ್ಟಿಲ್ಡ್ ವಾಟರಿನಲ್ಲಿ. ಇದರ 5 ಮಿಲಿಯಲ್ಲಿ ಅರ್ಧ ಗ್ರಾಂ ಇರುತ್ತದೆ, 50 ಲೀಟರಿಗೆ ನೈಟ್ರೇಟ್ ಸುಮಾರು 6 ಪಿಪಿಎಂ ಏರುತ್ತದೆ.

0-52-34: ಮೋನೋ ಪೊಟ್ಯಾಸಿಯಂ ಫಾಸ್ಫೇಟ್. 5 ಗ್ರಾಂ, 250 ಮಿಲಿಯಲ್ಲಿ. 5 ಮಿಲಿಗೆ ಫಾಸ್ಫೇಟ್ 1.4 ಪಿಪಿಎಂ.

ನೀರು ಬದಲಿಸಿದ ದಿನ ಎರಡೂ 5 ಮಿಲಿ, ಮೂರು ದಿನ ಬಿಟ್ಟು ಮತ್ತೆ 5 ಮಿಲಿ. ನೈಟ್ರೇಟ್ 10ರಿಂದ 20, ಫಾಸ್ಫೇಟ್ 1ರಿಂದ 2ರ ಮಧ್ಯೆ ನಿಂತರೆ ಸಾಕು. ನಿಮ್ಮ ಹಳೇ ಲಿಕ್ವಿಡ್ ಬಹುಶಃ ಕಬ್ಬಿಣ ಮತ್ತು ಸೂಕ್ಷ್ಮ ಪೋಷಕಗಳದ್ದು, ಅದನ್ನು ಬೇರೆ ದಿನ ಹಾಕಿ. ಫಾಸ್ಫೇಟ್ ಜೊತೆ ಒಂದೇ ಬಾಟಲಿಯಲ್ಲಿ ಬೆರೆಸಿದರೆ ಕಬ್ಬಿಣ ಮಡ್ಡಿಯಾಗಿ ತಳಕ್ಕೆ ಕೂರುತ್ತದೆ.

ಅಂಗಡಿಯಲ್ಲಿ ಎಚ್ಚರ ಬೇಕಾದ ಜಾಗ ಒಂದಿದೆ. ಒಂದೇ ಥರದ ಪ್ಯಾಕು, ನಂಬರ್ ಮಾತ್ರ ಬೇರೆ. 12-61-0 ಅಮೋನಿಯಂ ಫಾಸ್ಫೇಟ್. 19-19-19ರಲ್ಲಿ ಅಮೋನಿಯಂ, ಯೂರಿಯಾ ಎರಡೂ ಇರುತ್ತವೆ. "ಎಲ್ಲಾ ಒಂದೇ ಸಾಹೇಬ್" ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ಹೊಲಕ್ಕೆ ಒಂದೇ ಇರಬಹುದು, ಪಿಹೆಚ್ 7ರ ಮೇಲಿನ ಟ್ಯಾಂಕಿನಲ್ಲಿ ಅಮೋನಿಯಾ ಮೀನಿನ ಕಿವಿರು ಸುಡುತ್ತದೆ, ಪಾಚಿಗೂ ಅದು ಪ್ರಿಯ. ಪ್ಯಾಕಿನ ಹಿಂದೆ ಸಾರಜನಕ ಯಾವ ರೂಪದಲ್ಲಿದೆ ಎಂದು ಬರೆದಿರುತ್ತದೆ: ಪೂರ್ತಿ ನೈಟ್ರೇಟ್ ಇರಬೇಕು.

ಶುರು ಮಾಡುವ ಮುಂಚೆ ನಳದ ನೀರಿನ ನೈಟ್ರೇಟನ್ನೂ ಒಮ್ಮೆ ಅಳೆಯಿರಿ. ಬೋರಿನ ನೀರಿನಲ್ಲೇ 20 ಇದ್ದರೆ ಮೊದಲಿನ ಬಾಟಲಿ ಬೇಡವೇ ಬೇಡ.

ಕೆಹೆಚ್ 12 ಇಳಿಸಲು ಆರ್‌ಓ ನೀರು ಬೆರೆಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಪಾಚಿಗೋಸ್ಕರ ಬೇಡ. ಟ್ಯಾಂಕರ್ ಬಂದ ದಿನ ಒಂದು ಕೆಹೆಚ್, ಆರ್‌ಓ ಬೆರೆಸಿದ ದಿನ ಇನ್ನೊಂದು ಎಂದಾದರೆ ಮುಲುಂಡ್ ಅವರು ಕೊಟ್ಟ ಪಿಹೆಚ್ ಲೆಕ್ಕವೇ ತಲೆಕೆಳಗು. ವ್ಯಾಲಿಸ್ನೇರಿಯಾಕ್ಕೆ ಗಡಸು ನೀರೇ ಇಷ್ಟ. ಅದರ ಎಲೆಯ ಮೇಲೆ ಬಿಳಿ ಸುಣ್ಣದ ಪೊರೆ ಇದೆಯೇ ನೋಡಿ. ಸಿಓ2 ಸಿಗದಾಗ ಅದು ನೀರಿನ ಬೈಕಾರ್ಬನೇಟನ್ನು ಒಡೆದು ಇಂಗಾಲ ತೆಗೆದುಕೊಳ್ಳುತ್ತದೆ, ಸುಣ್ಣ ಎಲೆಯ ಮೇಲೆ ಉಳಿಯುತ್ತದೆ.

ಮುಲುಂಡ್_ಮತ್ಸ್ಯ

ಕೆಹೆಚ್ ಬಗ್ಗೆ ಅರ್ಧ ಒಪ್ಪುವೆ. ಮುಂದೆ ಸೂಕ್ಷ್ಮ ಗಿಡ ಹಾಕುವುದಾದರೆ ಅಡುಗೆಮನೆಯ ಆರ್‌ಓ ನೀರು ಅರ್ಧಕ್ಕರ್ಧ ಬೆರೆಸಬಹುದು, ಆದರೆ ಪ್ರತಿ ಸಲವೂ ಅದೇ ಅಳತೆ, ಬಕೆಟ್ಟಿನಲ್ಲೇ ಕೆಹೆಚ್ ನೋಡಿ ಸುರಿಯಬೇಕು. ಈಗಿರುವ ಗಿಡಗಳಿಗೆ ಬೇಡ.

ವಾಕಡ್_ಎರಡಡಿ

ವ್ಯಾಲಿಸ್ನೇರಿಯಾದ ಮೇಲೆ ಬಿಳಿ ಪೊರೆ ಇದೆ, ನಾನು ಧೂಳು ಎಂದುಕೊಂಡಿದ್ದೆ. ಬೆರಳಿಗೆ ಗರಗರ ಎನ್ನುತ್ತದೆ.

ಆಲ್ಗೀ ಈಟರ್ ಬಗ್ಗೆ ಯಾರೂ ಹೇಳಲಿಲ್ಲ. ಅಂಗಡಿಯಲ್ಲಿ ಬಂಗಾರದ ಬಣ್ಣದ್ದು ತೋರಿಸಿದರು. ಗಾಜಿನ ಚುಕ್ಕೆ ತೆಗೆಯಲು ಏನು ಬಳಸಲಿ?

ಫೋಂಡಾ_ತೋಟ

ಬಂಗಾರದ್ದು ಚೈನೀಸ್ ಆಲ್ಗೀ ಈಟರ್. ಮರಿಯಿದ್ದಾಗ ಗಾಜು ನೆಕ್ಕುತ್ತದೆ. ದೊಡ್ಡದಾದರೆ ಒಂದು ಗೇಣು ದಾಟುತ್ತದೆ, ಪಾಚಿ ಬಿಟ್ಟು ಬೇರೆ ಮೀನಿನ ಮೈಯ ಲೋಳೆ ನೆಕ್ಕಲು ಬೆನ್ನಟ್ಟುತ್ತದೆ. "ಸಕ್ಕರ್" ಎಂದು ಕೊಡುವ ಪ್ಲೆಕೋ ಒಂದಡಿ ಮೀರುವ ಮೀನು, ಎರಡಡಿ ಟ್ಯಾಂಕಿನದಲ್ಲ. ಕೊನೆಗೆ ಅದನ್ನು ಮುಳಾ ನದಿಗೆ ಬಿಟ್ಟು ಬರುವವರೇ ಹೆಚ್ಚು. ಅದು ಅಲ್ಲಿ ಬದುಕಿ ದಂಡೆ ಕೊರೆಯುತ್ತದೆ, ಆ ಪಾಪ ಬೇಡ.

ಕಪ್ಪು ಕುಚ್ಚನ್ನು ನಿಜವಾಗಿ ತಿನ್ನುವುದು ಸಿಯಾಮೀಸ್ ಆಲ್ಗೀ ಈಟರ್. ಅದರ ಕಪ್ಪು ಪಟ್ಟೆ ಮೂತಿಯಿಂದ ಬಾಲದ ರೆಕ್ಕೆಯ ತುದಿಯವರೆಗೆ ಹೋಗುತ್ತದೆ, ಪಟ್ಟೆಯ ಅಂಚು ನೇರವಾಗಿರದೆ ಹಲ್ಲು ಹಲ್ಲಾಗಿರುತ್ತದೆ. ಪಟ್ಟೆ ಬಾಲದ ಬುಡದಲ್ಲೇ ನಿಂತಿದ್ದರೆ ಬೇರೆ ಮೀನು. ಆದರೂ 14-15 ಸೆಂ.ಮೀ. ಬೆಳೆಯುವ ಚುರುಕು ಜೀವ, ನಿಮ್ಮ ಟ್ಯಾಂಕಿಗೆ ಇಕ್ಕಟ್ಟು.

6-8 ಅಮಾನೋ ಸೀಗಡಿ ಹಾಕಿ. ಜೀವಂತ ಬಿಯರ್ಡ್ ಅಷ್ಟಾಗಿ ಮುಟ್ಟವು, ಪೆರಾಕ್ಸೈಡಿಗೆ ಸತ್ತು ಗುಲಾಬಿಯಾದದ್ದನ್ನು ಚೊಕ್ಕ ಮಾಡುತ್ತವೆ. ಪೆರಾಕ್ಸೈಡ್ ಕೆಲಸ ಪೂರ್ತಿ ಮುಗಿದು ಒಂದು ವಾರವಾದ ಮೇಲೆ ತನ್ನಿ. ಗಾಜಿಗೆ 3 ನೆರೈಟ್ ಬಸವನಹುಳು. ಸಿಹಿನೀರಿನಲ್ಲಿ ಅವುಗಳ ಮರಿ ಬದುಕುವುದಿಲ್ಲ, ಹೀಗಾಗಿ ಸಂತೆ ನೆರೆಯುವ ಭಯವಿಲ್ಲ. ಮರದ ಮೇಲೆ ಎಳ್ಳಿನಂಥ ಬಿಳಿ ಮೊಟ್ಟೆ ಅಂಟಿಸುತ್ತವೆ, ಅದು ಮಾತ್ರ ಹೋಗುವುದಿಲ್ಲ. ಸಹಿಸಿಕೊಳ್ಳಬೇಕು.

ಈಗಿರುವ ಚುಕ್ಕೆಗೆ ಸ್ಟೀಲ್ ಬ್ಲೇಡಿನ ಸ್ಕ್ರೇಪರ್, 45 ಡಿಗ್ರಿ ಓರೆ ಹಿಡಿದು ಮೇಲಿನಿಂದ ಕೆಳಕ್ಕೆ. ಮೂಲೆಯ ಸಿಲಿಕಾನ್‌ನಿಂದ ಒಂದು ಸೆಂ.ಮೀ. ಮೊದಲೇ ನಿಲ್ಲಿಸಿ, ಬ್ಲೇಡ್ ತಾಗಿ ಸಿಲಿಕಾನ್ ಸೀಳಿದರೆ ಟ್ಯಾಂಕೇ ಸೋರುತ್ತದೆ. ಮೂಲೆಗೆ ಹಳೇ ಎಟಿಎಂ ಕಾರ್ಡ್ ಸಾಕು. ಮಣ್ಣಿನ ಹತ್ತಿರ ಬಂದಾಗ ಬ್ಲೇಡಿಗೂ ಗಾಜಿಗೂ ಮಧ್ಯೆ ಮರಳಿನ ಕಣ ಸಿಕ್ಕಿದರೆ ಗೀರು ಬಿದ್ದು ಶಾಶ್ವತವಾಗಿ ಉಳಿಯುತ್ತದೆ. ಕೆರೆದ ಕೂಡಲೇ ನೀರು ಬದಲಿಸಿ, ಕೆರೆದದ್ದು ಪೈಪಿನಲ್ಲಿ ಹೊರಗೆ ಹೋಗಲಿ.

ಕೋಥ್ರೂಡ್_ಗೊಬ್ಬರ

ಆ ತೆಗೆದ ನೀರಿನಲ್ಲೇ ಫಿಲ್ಟರಿನ ಸ್ಪಂಜ್ ಹಿಂಡಿ ತೊಳೆಯಿರಿ, ನಳದ ಕೆಳಗೆ ಅಲ್ಲ. ಟ್ಯಾಂಕರ್ ನೀರಿನಲ್ಲಿ ಕ್ಲೋರಿನ್ ಇದ್ದರೆ ಬ್ಯಾಕ್ಟೀರಿಯಾ ಹೋಗಿಬಿಡುತ್ತದೆ. ಪೆರಾಕ್ಸೈಡ್ ಹಾಕಿದ ವಾರವೇ ಸ್ಪಂಜಿಗೆ ಕೈ ಹಾಕಬೇಡಿ, ಎರಡೂ ಹೊಡೆತ ಒಟ್ಟಿಗೆ ಬೇಡ.

ವಾಕಡ್_ಎರಡಡಿ

ಇವತ್ತು ಇಷ್ಟು ಆಯಿತು: ಎರಡೂ ಟೈಮರ್ ಇನ್ವರ್ಟರ್ ಲೈನಿಗೆ, ಸಿಓ2 11ರಿಂದ 6, ಲೈಟ್ 1ರಿಂದ 7, ಗುಳ್ಳೆ ಸೆಕೆಂಡಿಗೆ 1. ಕಿಟಕಿ ಬದಿಗೆ ಕಪ್ಪು ಚಾರ್ಟ್ ಪೇಪರ್. 1ಕ್ಕೆ ಪಿಹೆಚ್ 7.3, 5ಕ್ಕೆ 7.2, ಈಗ ರಾತ್ರಿ ಒಂಬತ್ತೂವರೆಗೆ 7.4. ಮೀನು ಕೆಳಗೇ ಇವೆ. ನಾಳೆ ಸಿರಿಂಜ್. ಮರದ ಎಡಭಾಗದಿಂದ ಶುರು ಮಾಡಲೋ, ಮಾಸ್ ಇರುವ ಬಲಭಾಗದಿಂದಲೋ?

ಫೋಂಡಾ_ತೋಟ

ಎಡದಿಂದ. ಬಲದ ಮಾಸ್‌ನ ದಾರ ಬಿಚ್ಚಿ ಅದನ್ನು ಬಕೆಟ್ಟಿನಲ್ಲಿಟ್ಟು ಆಮೇಲೆ ಆ ಭಾಗಕ್ಕೆ ಕೈ ಹಾಕಿ. ಬಕೆಟ್ಟಿಗೆ ಟ್ಯಾಂಕಿನ ನೀರನ್ನೇ ತುಂಬಿ, ಮಾಸ್‌ನೊಳಗೆ ಸೀಗಡಿ ಅಡಗಿ ಕೂತಿರುತ್ತವೆ.